ಸಾಂಕ್ರಾಮಿಕ ರೋಗ ಮತ್ತು ನಗರಪಾಲಿಕೆಯ ಬೊಕ್ಕಸ: ಮುಂಬಯಿಯ ಎರಡು ಅನುಭವಗಳು

ಸ್ಥಳೀಯ ಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಾಯ್ದೆ, ಚುನಾವಣೆ, ಮುಖಂಡರು ಇವುಗಳ ಕಡೆಗೆ ಗಮನ ಕೊಡುತ್ತಾರೆ. ಜಮಾಖರ್ಚಿನ ಪುಸ್ತಕ ಲೆಕ್ಕಿಗರ ಪಾಲಿಗೆ ಉಳಿದುಬಿಡುತ್ತದೆ. ಆದರೆ ನಗರವೊಂದು ವಿಪತ್ತಿಗೆ ಸಿಲುಕಿದಾಗ ಅದರ ಆಡಳಿತ ಯಾರನ್ನು ಕಾಪಾಡಿತು, ಯಾವ ಕೆಲಸವನ್ನು ಮುಂದಕ್ಕೆ ಹಾಕಿತು, ಭಾರವನ್ನು ಯಾರ ಹೆಗಲಿಗೆ ಹೊರಿಸಿತು ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕುವುದು ಆ ಪುಸ್ತಕದಲ್ಲಿಯೇ. ಪ್ರಸ್ತುತ ಲೇಖನದಲ್ಲಿ ಮುಂಬಯಿ ಮಹಾನಗರಪಾಲಿಕೆ ಎರಡು ಸಾಂಕ್ರಾಮಿಕಗಳನ್ನು, ಅಂದರೆ 1896ರಲ್ಲಿ ಕಾಣಿಸಿಕೊಂಡ ಪ್ಲೇಗನ್ನೂ 2020ರ ಕೋವಿಡನ್ನೂ, ಹಣಕಾಸಿನ ದೃಷ್ಟಿಯಿಂದ ಹೇಗೆ ಎದುರಿಸಿತೆಂಬುದನ್ನು ವಿವರಿಸಲು ಉದ್ದೇಶಿಸಿದ್ದೇವೆ.

ನಮ್ಮ ಮುಖ್ಯ ಪ್ರತಿಪಾದನೆಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಾಂಕ್ರಾಮಿಕದ ಕಾಲದಲ್ಲಿ ಸ್ಥಳೀಯ ಸಂಸ್ಥೆಯ ಸಂಕಟ ಕೇವಲ ಹಣದ ಕೊರತೆಯಿಂದ ಹುಟ್ಟುವುದಿಲ್ಲ. ಆಜ್ಞೆ ಒಂದು ಕಡೆಯಿಂದ ಹೊರಟು ಬಿಲ್ಲು ಇನ್ನೊಂದು ಕಡೆಗೆ ಹೋಗುವ ವ್ಯವಸ್ಥೆಯೇ ಅದರ ಮೂಲ. ಈ ವ್ಯವಸ್ಥೆಯಲ್ಲಿ ಪಾಲಿಕೆ ಉಳಿದುಕೊಳ್ಳುವುದು ಮುಖ್ಯವಾಗಿ ಮುಂದೂಡಿಕೆಯಿಂದ. ಮುಂದೂಡಿದ್ದರ ಬೆಲೆ ರೋಗ ಹೋದ ಮೇಲೂ ವರ್ಷಗಟ್ಟಲೆ ಸಂದಾಯವಾಗುತ್ತಿರುತ್ತದೆ.

1. ಪಾಲಿಕೆಯ ಆದಾಯದ ಸ್ವರೂಪ

ಕೇಂದ್ರ ಸರ್ಕಾರ ಸಾಲ ಮಾಡಬಲ್ಲದು. ರಾಜ್ಯ ಸರ್ಕಾರವೂ ನಿಗದಿಯಾದ ಮಿತಿಯೊಳಗೆ ಸಾಲ ಎತ್ತಬಲ್ಲದು. ನಗರಪಾಲಿಕೆಗೆ ಈ ಸ್ವಾತಂತ್ರ್ಯ ಬಹಳ ಕಡಿಮೆ. ಮುಂಬಯಿ ಪಾಲಿಕೆಯ ಆಡಳಿತಕ್ಕೆ ಇಂದಿಗೂ ಆಧಾರವಾಗಿರುವ 1888ರ ಕಾಯ್ದೆಯ ಪ್ರಕಾರ ಮುಂಗಡಪತ್ರ ಶಿಲ್ಕಿನಲ್ಲಿಯೇ ಮುಗಿಯಬೇಕು. ಕೊರತೆಯ ಮುಂಗಡಪತ್ರವನ್ನು ಮಂಡಿಸಿ, ಅದನ್ನು ಮುಂದೆ ಸಾಲದಿಂದ ತುಂಬಿಕೊಳ್ಳುತ್ತೇವೆಂದು ಹೇಳುವ ದಾರಿ ಆಯುಕ್ತರಿಗಿಲ್ಲ. ಆದ್ದರಿಂದ ಆದಾಯ ಕುಸಿದ ವರ್ಷ ವೆಚ್ಚವೂ ಕುಸಿಯಬೇಕು, ಇಲ್ಲವೇ ಹಿಂದೆ ಕೂಡಿಟ್ಟ ನಿಧಿಗೆ ಕೈಹಾಕಬೇಕು.

ಸಾಂಕ್ರಾಮಿಕದ ವಿಶೇಷವೆಂದರೆ ಅದು ಆದಾಯ ಮತ್ತು ವೆಚ್ಚ ಎರಡನ್ನೂ ಏಕಕಾಲಕ್ಕೆ ಹೊಡೆಯುತ್ತದೆ. ಪಾಲಿಕೆಯ ಸ್ವಂತ ಆದಾಯ ಮನೆ, ಅಂಗಡಿ, ನೀರು, ಪರವಾನಗಿ, ಹೊಸ ಕಟ್ಟಡ ಇವುಗಳನ್ನು ಅವಲಂಬಿಸಿದೆ. ಅಂದರೆ ಜನ ಊರಿನಲ್ಲಿ ನೆಲೆಸಿ ವ್ಯವಹಾರ ನಡೆಸುವುದನ್ನು ಅವಲಂಬಿಸಿದೆ. ಸಾಂಕ್ರಾಮಿಕ ನಿಲ್ಲಿಸುವುದು ಇದನ್ನೇ. ಅದೇ ವೇಳೆಗೆ ಆಸ್ಪತ್ರೆ, ಚರಂಡಿ, ಕಸ, ಸ್ಮಶಾನ ಇವೆಲ್ಲ ಪಾಲಿಕೆಯ ಕರ್ತವ್ಯಗಳೇ ಆಗಿರುವುದರಿಂದ ವೆಚ್ಚ ಏರುತ್ತದೆ. ಬರಗಾಲ ಬಂದರೆ ಪರಿಹಾರದ ಹೊಣೆಯನ್ನು ಸರ್ಕಾರ ಹೊರುತ್ತದೆಂಬ ಪರಂಪರೆ ನಮ್ಮಲ್ಲಿ ಬೆಳೆದುಬಂದಿದೆ. ರೋಗ ಬಂದರೆ ಅದು ಊರಿನ ಕೊಳಕಿನಿಂದ ಬಂತೆಂದೂ, ಊರಿನ ಸಂಸ್ಥೆಯೇ ಅದನ್ನು ನಿವಾರಿಸಬೇಕೆಂದೂ ಭಾವಿಸುವುದು ಹಳೆಯ ರೂಢಿ.

2. 1896ರ ಪ್ಲೇಗು

1896ರ ಸೆಪ್ಟೆಂಬರ್ 23ರಂದು ಮಾಂಡವಿ ಭಾಗದಲ್ಲಿ ಗ್ರಂಥಿಜ್ವರದ ಪ್ಲೇಗು ಇದೆಯೆಂದು ಡಾ. ಅಕಾಸಿಯೋ ಗೇಬ್ರಿಯಲ್ ವಿಯೇಗಾಸ್ ಅವರು ಪಾಲಿಕೆಯ ಗಮನಕ್ಕೆ ತಂದರು. ಆಗ ಪಾಲಿಕೆಯ ಆಯುಕ್ತರಾಗಿದ್ದವರು ಪಿ. ಸಿ. ಎಚ್. ಸ್ನೋ. 1888ರ ಕಾಯ್ದೆಯ 434ನೆಯ ಕಲಮಿನಲ್ಲಿ, ಅಪಾಯಕಾರಿ ರೋಗ ನಗರಕ್ಕೆ ಬಂದೆರಗಿದರೆ ಸರ್ಕಾರದ ಒಪ್ಪಿಗೆಯಿಂದ ತಾತ್ಕಾಲಿಕ ನಿಯಮಗಳನ್ನು ಮಾಡುವ ಅಧಿಕಾರ ಆಯುಕ್ತರಿಗಿತ್ತು. ಅದರ ಆಧಾರದ ಮೇಲೆ 1896ರ ಅಕ್ಟೋಬರ್‌ನಲ್ಲಿ ರೋಗಿಗಳನ್ನು ಬಲವಂತವಾಗಿ ಬೇರ್ಪಡಿಸುವ ಪ್ರಕಟಣೆ ಹೊರಟಿತು. ಅಕ್ಟೋಬರ್ 29ರಂದು ಗಿರಣಿ ಕಾರ್ಮಿಕರು ಆರ್ಥರ್ ರೋಡಿನ ಆಸ್ಪತ್ರೆಯ ಮೇಲೆ ದಾಳಿ ಮಾಡಿದರು. ಆ ತಿಂಗಳ ಕೊನೆಗೆ ನಿಯಮವನ್ನು ಸಡಿಲಿಸಲಾಯಿತು.

ಈ ಸಡಿಲಿಕೆಗೆ ಗಲಭೆಯ ಭಯದ ಜೊತೆಗೆ ಇನ್ನೊಂದು ಕಾರಣವೂ ಇತ್ತು. ಸ್ನೋ ಅವರ ವರದಿಯಲ್ಲಿ ಅದು ಎದ್ದುಕಾಣುತ್ತದೆ. ಮಲ ಸಾಗಿಸುವವರು ಮತ್ತು ಬೀದಿ ಗುಡಿಸುವ ಬಿಗಾರಿಗಳು ಊರು ಬಿಟ್ಟು ಹೊರಟುಹೋದರೆ ಮುಂಬಯಿ ವಾಸಕ್ಕೆ ಯೋಗ್ಯವಾಗಿ ಉಳಿಯುವುದಿಲ್ಲವೆಂಬ ಆತಂಕ ಅವರನ್ನು ಕಾಡಿತ್ತು. ನಗರ ನಿಂತಿದ್ದುದು ಅತ್ಯಂತ ಕಡಿಮೆ ಸಂಬಳದ ಕೆಲಸಗಾರರ ಮೇಲೆ ಎಂಬ ಸತ್ಯ ಆಗ ಆಡಳಿತಕ್ಕೆ ಅರಿವಾಯಿತು. ವಿಪರ್ಯಾಸವೆಂದರೆ ಆ ಕೆಲಸಕ್ಕಾಗಿ ನಿವಾಸಿಗಳಿಂದ ‘ಹಲಾಲ್‌ಖೋರ್ ತೆರಿಗೆ’ ಎಂಬ ಹೆಸರಿನಲ್ಲಿಯೇ ಪ್ರತ್ಯೇಕ ತೆರಿಗೆ ವಸೂಲಾಗುತ್ತಿತ್ತು. ತೆರಿಗೆಯ ಪಟ್ಟಿಯಲ್ಲಿ ಅವರ ಹೆಸರಿತ್ತು. ಆದರೆ ನಗರದ ಆಡಳಿತದಲ್ಲಿ ಅವರ ಮಾತಿಗೆ ಎಡೆಯಿರಲಿಲ್ಲ.

ಊರು ಬಿಡುವುದು ಮಾತ್ರ ನಿಲ್ಲಲಿಲ್ಲ. 1891ರ ಜನಗಣತಿಯಲ್ಲಿ ಮುಂಬಯಿಯ ಜನಸಂಖ್ಯೆ 8,21,764. 1897ರ ಫೆಬ್ರವರಿ ಹೊತ್ತಿಗೆ ಇವರಲ್ಲಿ ಅರ್ಧಕ್ಕೆ ಸಮೀಪದಷ್ಟು ಜನ ನಗರ ತೊರೆದಿದ್ದರೆಂಬುದು ಸಮಕಾಲೀನ ಅಂದಾಜು. 1901ರ ಗಣತಿಯಲ್ಲಿ ಸಂಖ್ಯೆ 7,76,006ಕ್ಕೆ ಇಳಿದಿತ್ತು. ಇದರ ಹಣಕಾಸಿನ ಅರ್ಥವನ್ನು ತಿಳಿಯಬೇಕಾದರೆ ಆ ಕಾಲದ ಮನೆತೆರಿಗೆಯ ಆಧಾರವನ್ನು ನೆನೆಯಬೇಕು. ತೆರಿಗೆ ಮನೆಯ ಬಾಡಿಗೆಯ ಬೆಲೆಯನ್ನು ಅವಲಂಬಿಸಿತ್ತು. ಖಾಲಿ ಬಿದ್ದ ಮನೆಯ ಮೇಲೆ ಕಟ್ಟಿದ ತೆರಿಗೆಯ ಒಂದಂಶವನ್ನು ಮರಳಿ ಕೇಳುವ ಹಕ್ಕು ಮಾಲೀಕನಿಗೆ ಕಾಯ್ದೆಯಲ್ಲಿಯೇ ಇತ್ತು. ಚಾಳುಗಳು ಖಾಲಿಯಾದಂತೆ ಬಾಡಿಗೆ ನಿಲ್ಲುತ್ತದೆ, ಬಾಡಿಗೆ ನಿಂತಂತೆ ತೆರಿಗೆ ಸಡಿಲುತ್ತದೆ. ರೋಗದ ಭಯ ಬೀದಿಯಿಂದ ಬೊಕ್ಕಸಕ್ಕೆ ಬರುವ ದಾರಿ ಇದು.

1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯ್ದೆ ಜಾರಿಗೆ ಬಂತು. ಅತಿ ಚಿಕ್ಕದಾದ ಈ ಕಾಯ್ದೆಯ ಬಗ್ಗೆ ಚರ್ಚೆ ನಡೆದಿರುವುದೆಲ್ಲ ಬಹುತೇಕ ಅದರ ಪೊಲೀಸ್ ಸ್ವರೂಪದ ಅಧಿಕಾರಗಳನ್ನು ಕುರಿತು. ಅದರ ಎರಡನೆಯ ಕಲಮಿನಲ್ಲಿ ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಅಧಿಕಾರವಿದೆ. ನಿಯಮಗಳನ್ನು ಮಾಡುವುದರ ಜೊತೆಗೆ, ಅದರಿಂದ ಉಂಟಾಗುವ ಖರ್ಚನ್ನು, ಪರಿಹಾರವೇನಾದರೂ ಇದ್ದರೆ ಅದನ್ನೂ ಸೇರಿಸಿ, ಯಾರು ಯಾವ ರೀತಿಯಲ್ಲಿ ಭರಿಸಬೇಕೆಂಬುದನ್ನು ಸರ್ಕಾರವೇ ನಿರ್ಧರಿಸಬಹುದು. ಕ್ರಮ ಕೈಗೊಳ್ಳುವ ಅಧಿಕಾರವೂ ಅದರ ಬೆಲೆಯನ್ನು ಇನ್ನೊಬ್ಬರ ಖಾತೆಗೆ ಬರೆಯುವ ಅಧಿಕಾರವೂ ಒಂದೇ ಕೈಯಲ್ಲಿ ಸೇರಿದವು. ನಮ್ಮ ದೃಷ್ಟಿಯಲ್ಲಿ ಸ್ಥಳೀಯ ಸಂಸ್ಥೆಗಳ ಮಟ್ಟಿಗೆ ಈ ಕಾಯ್ದೆಯ ಅತಿ ಮುಖ್ಯ ವಾಕ್ಯ ಇದೇ.

1897ರ ಮಾರ್ಚ್‌ನಲ್ಲಿ ಸರ್ಕಾರ ಬ್ರಿಗೇಡಿಯರ್ ಜನರಲ್ ಗ್ಯಾಟೇಕರ್ ಅವರ ಅಧ್ಯಕ್ಷತೆಯಲ್ಲಿ ಪ್ಲೇಗ್ ಸಮಿತಿಯನ್ನು ನೇಮಿಸಿತು. ಆಯುಕ್ತರು ಅದರ ಒಬ್ಬ ಸದಸ್ಯರಾದರು. ಫಿರೋಜ್‌ಶಾ ಮೆಹ್ತಾ ಅವರಂಥವರು ಬೆಳೆಸಿದ್ದ ಚುನಾಯಿತ ಸಭೆ ಪಕ್ಕಕ್ಕೆ ಸರಿಯಿತು. ಮನೆಗಳ ಶೋಧ, ಸುಣ್ಣ ಬಳಿಯುವುದು, ನೆಲ ಅಗೆಯುವುದು, ಶಿಬಿರ ಕಟ್ಟುವುದು ಮೊದಲಾದ ಕೆಲಸಗಳು ಸಮಿತಿಯ ಅಪ್ಪಣೆಯಂತೆ ನಡೆದವು. 1898ರ ಮಾರ್ಚ್ 9ರಂದು ಮದನಪುರ ಭಾಗದಲ್ಲಿ ದಂಗೆಯಾಗಿ ಪ್ರಾಣಹಾನಿ ಸಂಭವಿಸಿತು. ಬಲವಂತದ ನೀತಿ ಫಲಕಾರಿಯಲ್ಲವೆಂದು ಮನಗಂಡ ಮೇಲೆ ಪ್ಲೇಗಿನ ದಿನನಿತ್ಯದ ಹೊಣೆ ಪಾಲಿಕೆಗೆ ಹಿಂದಿರುಗಿತು. ಹಿಂದಿರುಗಿದ್ದು ಒಂದೆರಡು ತಿಂಗಳ ಹೊಣೆಯಲ್ಲ. ಮುಂದೆ ವರ್ಷ ವರ್ಷವೂ ಮರಳಿ ಬರುತ್ತಿದ್ದ ರೋಗದ ನಿರಂತರ ಖರ್ಚು.

3. ಪ್ಲೇಗಿನ ಸಾಲ ಕಟ್ಟಿದ ಬಡಾವಣೆಗಳು

ಪ್ಲೇಗು ಬಿಟ್ಟುಹೋದ ಅತಿ ದೊಡ್ಡ ಹಣಕಾಸಿನ ಗುರುತು ಆಸ್ಪತ್ರೆಯ ಬಿಲ್ಲಲ್ಲ, ‘ಬಾಂಬೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್’. 1898ರಲ್ಲಿ ಪ್ರತ್ಯೇಕ ಕಾಯ್ದೆಯಿಂದ ಸ್ಥಾಪನೆಯಾದ ಈ ಮಂಡಳಿಯ ಉದ್ದೇಶ ಇಕ್ಕಟ್ಟಾದ ಕೇರಿಗಳನ್ನು ಒಡೆದು ಅಗಲ ರಸ್ತೆಗಳನ್ನು ತೆರೆಯುವುದು ಮತ್ತು ಹೊಸ ಬಡಾವಣೆಗಳನ್ನು ನಿರ್ಮಿಸುವುದು. ಸರ್ಕಾರದ ಮತ್ತು ಪಾಲಿಕೆಯ ಖಾಲಿ ಜಮೀನುಗಳನ್ನು ಅದಕ್ಕೆ ಒಪ್ಪಿಸಲಾಯಿತು. ಬಂಡವಾಳವನ್ನು ಅದು ದೀರ್ಘಾವಧಿ ಸಾಲದಿಂದ ಎತ್ತಿತು. ಅದರ ಖರ್ಚಿಗೆ ಪಾಲಿಕೆ ತನ್ನ ತೆರಿಗೆಯ ಹಣದಿಂದ ವರ್ಷ ವರ್ಷವೂ ವಂತಿಗೆ ಕೊಡಬೇಕಾಯಿತು. ಆದರೆ ಯೋಜನೆಗಳನ್ನು ನಿರ್ಧರಿಸುವ ಅಧಿಕಾರ ಪಾಲಿಕೆಯ ಸಭೆಗಿರದೆ ಟ್ರಸ್ಟಿನ ಮಂಡಳಿಗಿತ್ತು. 1933ರಲ್ಲಿ ಟ್ರಸ್ಟ್ ಪಾಲಿಕೆಯಲ್ಲಿ ವಿಲೀನವಾಗುವವರೆಗೂ ಈ ವ್ಯವಸ್ಥೆ ನಡೆಯಿತು.

ಸ್ಯಾಂಡ್‌ಹರ್ಸ್ಟ್ ರಸ್ತೆ, ಪ್ರಿನ್ಸೆಸ್ ಸ್ಟ್ರೀಟ್, ದಾದರ್ ಮತ್ತು ಮಾಟುಂಗಾದ ಬಡಾವಣೆಗಳು ಈ ಟ್ರಸ್ಟಿನ ಕೆಲಸಗಳು. ಮುಂಬಯಿ ಕನ್ನಡಿಗರಿಗೆ ಚಿರಪರಿಚಿತವಾದ ಮಾಟುಂಗಾ, 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ನಿನ ನೆಲೆಯಾದ ಮಾಟುಂಗಾ, ಹೀಗೆ ಪ್ಲೇಗಿನ ಭಯದಿಂದ ಹುಟ್ಟಿ ಪಾಲಿಕೆಯ ವಂತಿಗೆ ಮತ್ತು ಟ್ರಸ್ಟಿನ ಸಾಲದಿಂದ ಬೆಳೆದ ಪ್ರದೇಶ. ಇದೇ ಮಾದರಿ ಕರ್ನಾಟಕಕ್ಕೂ ಬಂದು 1903ರಲ್ಲಿ ಮೈಸೂರು ನಗರದಲ್ಲಿಯೂ 1945ರಲ್ಲಿ ಬೆಂಗಳೂರಿನಲ್ಲಿಯೂ ನಗರ ಅಭಿವೃದ್ಧಿ ವಿಶ್ವಸ್ಥ ಮಂಡಳಿಗಳು ರಚನೆಯಾದವು. ಚುನಾಯಿತ ಪುರಸಭೆಯ ಪಕ್ಕದಲ್ಲಿ ಜಮೀನು ಮತ್ತು ಸಾಲದ ಅಧಿಕಾರವುಳ್ಳ ಇನ್ನೊಂದು ಸಂಸ್ಥೆಯನ್ನು ನಿಲ್ಲಿಸುವ ಪದ್ಧತಿಗೆ ಮುಂಬಯಿಯಲ್ಲಿ ದಾರಿ ಮಾಡಿಕೊಟ್ಟದ್ದು ಒಂದು ರೋಗ. ಪಾಲಿಕೆಯ ಬೊಕ್ಕಸದ ದೃಷ್ಟಿಯಿಂದ ಇದರ ಅರ್ಥ ಸ್ಪಷ್ಟ: ಹೊಸ ಬಡಾವಣೆಯ ಜಮೀನಿನ ಲಾಭ ಒಂದು ಸಂಸ್ಥೆಗೆ, ಅಲ್ಲಿನ ಕಸ ಮತ್ತು ಚರಂಡಿಯ ಹೊಣೆ ಇನ್ನೊಂದಕ್ಕೆ.

4. 2020–21: ಒಂದು ವರ್ಷದ ಮುಂಗಡಪತ್ರ

ಈಗ ಒಂದು ಶತಮಾನಕ್ಕೂ ಹೆಚ್ಚು ಕಾಲ ದಾಟಿ ಎರಡನೆಯ ಅನುಭವಕ್ಕೆ ಬರೋಣ. ಪಾಲಿಕೆ ಅದೇ, ಕಾಯ್ದೆಗಳು ಅವೇ, ಒಂದು ಆಸ್ಪತ್ರೆಯೂ ಅದೇ. ಆರ್ಥರ್ ರೋಡಿನ ಹಳೆಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆ ಈಗ ಕಸ್ತೂರ್ಬಾ ಆಸ್ಪತ್ರೆ. 2020ರ ಮಾರ್ಚ್‌ನಲ್ಲಿ ಮುಂಬಯಿಯ ಮೊದಲ ಕೋವಿಡ್ ರೋಗಿಗಳನ್ನು ಬೇರ್ಪಡಿಸಿ ಇರಿಸಿದ್ದು ಅಲ್ಲಿಯೇ.

2020–21ರ ಮುಂಗಡಪತ್ರ ಮಂಡನೆಯಾದದ್ದು ಫೆಬ್ರವರಿ ತಿಂಗಳ ಆರಂಭದಲ್ಲಿ, ಅಂದರೆ ರೋಗ ನಗರಕ್ಕೆ ಬರುವ ಮುನ್ನ. ಅದರ ಒಟ್ಟು ಗಾತ್ರ ಸುಮಾರು 33,441 ಕೋಟಿ ರೂಪಾಯಿ. ಇದರಲ್ಲಿ ರಾಜಸ್ವ ಆದಾಯದ ಅಂದಾಜು ಸುಮಾರು 28,448 ಕೋಟಿ. ಮರುವರ್ಷದ ಮುಂಗಡಪತ್ರದ ಹೊತ್ತಿಗೆ ಇದನ್ನು ಸುಮಾರು 22,572 ಕೋಟಿಗೆ ಪರಿಷ್ಕರಿಸಬೇಕಾಯಿತು. ಅಂದರೆ ನಿರೀಕ್ಷಿಸಿದ್ದ ಪ್ರತಿ ಐದು ರೂಪಾಯಿಯಲ್ಲಿ ಒಂದು ರೂಪಾಯಿಗಿಂತ ಹೆಚ್ಚು ಕೈಗೆ ಬರಲಿಲ್ಲ. ಆಸ್ತಿ ತೆರಿಗೆಯ ಅಂದಾಜು 6,768 ಕೋಟಿಯಿಂದ 4,500 ಕೋಟಿಗೆ ಇಳಿಯಿತು. ಕಟ್ಟಡದ ಹೆಚ್ಚುವರಿ ವಿಸ್ತಾರಕ್ಕಾಗಿ ಬಿಲ್ಡರುಗಳು ಕೊಡುವ ಪ್ರೀಮಿಯಂ ಮತ್ತು ಅಭಿವೃದ್ಧಿ ಶುಲ್ಕಗಳು ನಿರ್ಮಾಣ ಕಾರ್ಯ ಸ್ತಬ್ಧವಾದುದರಿಂದ ತೀವ್ರವಾಗಿ ಕುಸಿದವು.

ಪಾಲಿಕೆ ಆಗ ಉಳಿದುಕೊಂಡದ್ದು ಹೇಗೆ? ಇದಕ್ಕೆ ಮೂರು ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು, ರಾಜ್ಯದ ನಿಯತ ಪರಿಹಾರ. 2017ರ ಜುಲೈವರೆಗೆ ಮುಂಬಯಿ ಪಾಲಿಕೆಯ ಅತಿ ದೊಡ್ಡ ಆದಾಯ ಆಕ್ಟ್ರಾಯ್, ಅಂದರೆ ಜಕಾತಿ. ಸರಕು ಮತ್ತು ಸೇವಾ ತೆರಿಗೆ ಬಂದಾಗ ಅದು ರದ್ದಾಯಿತು. ಮಹಾರಾಷ್ಟ್ರದ ವಿಧಾನಮಂಡಲ 2017ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿ, 2016–17ರ ಆದಾಯವನ್ನು ಆಧಾರವಾಗಿಟ್ಟು ವರ್ಷಕ್ಕೆ ಶೇಕಡಾ 8ರ ಏರಿಕೆಯೊಂದಿಗೆ ಪರಿಹಾರ ಕೊಡಲು ಬದ್ಧವಾಯಿತು. 2020–21ರಲ್ಲಿ ಈ ಬಾಬಿನ ಮೊತ್ತ ಒಂಬತ್ತು ಸಾವಿರ ಕೋಟಿಗೂ ಹೆಚ್ಚು. ಜಕಾತಿ ಹಿಂದಿನಂತೆಯೇ ಇದ್ದಿದ್ದರೆ, ಲಾರಿಗಳು ನಿಂತ ದಿನವೇ ಆ ಆದಾಯವೂ ನಿಲ್ಲುತ್ತಿತ್ತು. ಸ್ವಾಯತ್ತತೆಯ ದೃಷ್ಟಿಯಿಂದ ನಷ್ಟವೆಂದು ಹಲವರು ವಾದಿಸಿದ್ದ ಬದಲಾವಣೆ ಸಂಕಟದ ವರ್ಷದಲ್ಲಿ ಆಧಾರವಾಯಿತೆಂಬುದನ್ನು ಒಪ್ಪಲೇಬೇಕು. ಅದು ದಯೆಯ ಮೇಲೆ ನಿಂತ ಅನುದಾನವಾಗಿರದೆ ಸೂತ್ರಕ್ಕೆ ಕಟ್ಟುಬಿದ್ದ ಹಕ್ಕಾಗಿದ್ದುದೇ ಇದರ ಗುಟ್ಟು. ರಾಜ್ಯ ಸರ್ಕಾರವೇ ಆಗ ಬಿಗಿಯಲ್ಲಿತ್ತು. 2020ರ ಮೇ ತಿಂಗಳಲ್ಲಿ ತನ್ನ ಇಲಾಖೆಗಳ ಅಭಿವೃದ್ಧಿ ವೆಚ್ಚವನ್ನು ಮುಂಗಡಪತ್ರದ ಮೂರನೆಯ ಒಂದು ಭಾಗಕ್ಕೆ ಮಿತಿಗೊಳಿಸಿತ್ತು.

ಎರಡನೆಯದು, ಠೇವಣಿಗಳು. ಮುಂಬಯಿ ಪಾಲಿಕೆ ಬ್ಯಾಂಕುಗಳಲ್ಲಿ ಎಪ್ಪತ್ತೈದು ಸಾವಿರ ಕೋಟಿಗೂ ಮಿಕ್ಕ ಮುದ್ದತಿ ಠೇವಣಿ ಹೊಂದಿತ್ತು. ಇದನ್ನು ಕಂಡು ಪಾಲಿಕೆಗೆ ಕಷ್ಟವೇನೆಂದು ಕೇಳಿದವರುಂಟು. ಆದರೆ ಇದರಲ್ಲಿ ಗಣನೀಯ ಭಾಗ ನೌಕರರ ಭವಿಷ್ಯನಿಧಿ, ಪಿಂಚಣಿ ಮತ್ತು ಗುತ್ತಿಗೆದಾರರ ಠೇವಣಿ; ಇನ್ನೊಂದು ಭಾಗ ದೊಡ್ಡ ಯೋಜನೆಗಳಿಗೆ ಮೀಸಲು. ಅವನ್ನು ಮುರಿಯುವುದೆಂದರೆ ನೌಕರರಿಗೂ ಗುತ್ತಿಗೆದಾರರಿಗೂ ಕೊಡಬೇಕಾದ ಹಣವನ್ನು, ಅಥವಾ ನಾಳೆಯ ಕಾಮಗಾರಿಯ ಹಣವನ್ನು, ಇಂದು ಖರ್ಚು ಮಾಡಿದಂತೆ.

ಮೂರನೆಯದು ಮುಂದೂಡಿಕೆ. ಬಂಡವಾಳ ವೆಚ್ಚದ ಅಂದಾಜುಗಳನ್ನು ಇಳಿಸಲಾಯಿತು. ಆಸ್ತಿ ತೆರಿಗೆಯ ಆಧಾರವಾದ ಬಂಡವಾಳ ಮೌಲ್ಯವನ್ನು ಐದು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕೆಂಬ ನಿಯಮವಿದೆ; 2020ರಲ್ಲಿ ಆಗಬೇಕಾಗಿದ್ದ ಪರಿಷ್ಕರಣೆ ಮುಂದಕ್ಕೆ ಹೋಯಿತು. 2021ರ ಜನವರಿಯಲ್ಲಿ ರಾಜ್ಯ ಸರ್ಕಾರ ನಿರ್ಮಾಣದ ಪ್ರೀಮಿಯಂಗಳಲ್ಲಿ ಆ ವರ್ಷದ ಅಂತ್ಯದವರೆಗೆ ಶೇಕಡಾ 50ರ ರಿಯಾಯಿತಿ ಘೋಷಿಸಿತು. ಗಡುವಿನೊಳಗೆ ಹಣ ಕಟ್ಟಲು ಬಿಲ್ಡರುಗಳು ಮುಂದಾದುದರಿಂದ 2021–22ರಲ್ಲಿ ಪಾಲಿಕೆಯ ಈ ಬಾಬಿನ ಆದಾಯ ಅಂದಾಜಿಗಿಂತ ಹಲವು ಪಟ್ಟು ಏರಿತು. ಮೇಲುನೋಟಕ್ಕೆ ಇದು ಚೇತರಿಕೆ. ವಾಸ್ತವದಲ್ಲಿ ಮುಂದಿನ ವರ್ಷಗಳಲ್ಲಿ ಪೂರ್ಣ ದರದಲ್ಲಿ ಬರಬಹುದಾಗಿದ್ದ ಹಣದ ಒಂದು ಪಾಲನ್ನು ಅರ್ಧ ದರಕ್ಕೆ ಮೊದಲೇ ಪಡೆದಂತೆಯೂ ಆಯಿತು. ಇದು ಸಾಲವೆಂಬ ಹೆಸರಿಲ್ಲದ ಸಾಲ.

ಕೆಲಸಗಾರರ ವಿಷಯದಲ್ಲಿ 1896ರ ಪಾಠ ಮತ್ತೆ ಎದುರಾಯಿತು. ಲಾಕ್‌ಡೌನಿನ ಮೊದಲ ತಿಂಗಳುಗಳಲ್ಲಿ ಕೆಲಸಕ್ಕೆ ಬಂದ ನೌಕರರಿಗೆ ಪಾಲಿಕೆ ದಿನಕ್ಕೆ 300 ರೂಪಾಯಿ ವಿಶೇಷ ಭತ್ಯೆ ನಿಗದಿ ಮಾಡಿತು. ಕಸ ಎತ್ತುವವರು ಬಾರದಿದ್ದರೆ ಆಸ್ಪತ್ರೆಯನ್ನೂ ನಡೆಸಲಾಗದೆಂಬುದು ಸ್ನೋ ಅವರ ಕಾಲಕ್ಕಿಂತ ಭಿನ್ನವಾದ ಸತ್ಯವಲ್ಲ. ಮುಂಬಯಿ ಪಾಲಿಕೆಯ ಶಾಲೆಗಳ ಶಿಕ್ಷಕರೂ ಸಮೀಕ್ಷೆ ಮೊದಲಾದ ಕೋವಿಡ್ ಕೆಲಸಗಳಿಗೆ ನಿಯುಕ್ತರಾದರು. ಕನ್ನಡವೂ ಸೇರಿದಂತೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುವ ಈ ಪಾಲಿಕೆಯಲ್ಲಿ ಶಿಕ್ಷಣಕ್ಕೆ ಪ್ರತ್ಯೇಕ ಮುಂಗಡಪತ್ರವಿದೆ. ಶಿಕ್ಷಣದ ಖಾತೆಯಿಂದ ಸಂಬಳ ಪಡೆಯುವ ಶಿಕ್ಷಕ ಆರೋಗ್ಯದ ಕೆಲಸ ಮಾಡಿದಾಗ ಆ ವೆಚ್ಚ ಕೋವಿಡ್ ಲೆಕ್ಕದಲ್ಲಿ ಕಾಣಿಸುವುದಿಲ್ಲ. ಶಾಲೆಯ ನಷ್ಟವಾಗಿಯೂ ಕಾಣಿಸುವುದಿಲ್ಲ. ಸಾಂಕ್ರಾಮಿಕದ ನಿಜವಾದ ವೆಚ್ಚ ಪ್ರಕಟವಾದ ಅಂಕಿಗಿಂತ ಯಾವಾಗಲೂ ಹೆಚ್ಚೆಂಬುದಕ್ಕೆ ಇದೊಂದು ನಿದರ್ಶನ.

5. ಹಣವಿದ್ದರೂ ಸಾಲದು

2021ರ ಬೇಸಗೆಯಲ್ಲಿ ಇನ್ನೊಂದು ಮಿತಿ ಪ್ರಕಟವಾಯಿತು. ಮೇ ತಿಂಗಳಿನಿಂದ ಜಾರಿಗೆ ಬಂದ ಲಸಿಕಾ ನೀತಿಯಲ್ಲಿ ರಾಜ್ಯಗಳೂ ಖಾಸಗಿ ಆಸ್ಪತ್ರೆಗಳೂ ತಯಾರಕರಿಂದ ನೇರವಾಗಿ ಲಸಿಕೆ ಕೊಳ್ಳಲು ಅವಕಾಶವಿತ್ತು. ಮುಂಬಯಿ ಪಾಲಿಕೆ ಒಂದು ಕೋಟಿ ಡೋಸುಗಳಿಗಾಗಿ ಜಾಗತಿಕ ಮಟ್ಟದಲ್ಲಿ ಆಸಕ್ತಿ ಪ್ರಸ್ತಾವಗಳನ್ನು ಕರೆಯಿತು. ಪ್ರಸ್ತಾವಗಳು ಬಂದರೂ ಯಾವುದೂ ಅಂಗೀಕಾರಕ್ಕೆ ಅರ್ಹವಾಗಲಿಲ್ಲ. ಜೂನ್ 21ರಿಂದ ಕೇಂದ್ರ ಸರ್ಕಾರವೇ ಕೊಂಡು ರಾಜ್ಯಗಳಿಗೆ ಉಚಿತವಾಗಿ ಹಂಚುವ ಪದ್ಧತಿ ಆರಂಭವಾಯಿತು. ದೇಶದ ಅತಿ ಶ್ರೀಮಂತ ನಗರಪಾಲಿಕೆ ಹಣ ಹಿಡಿದು ಪೇಟೆಗೆ ಹೋದರೂ ಸರಕು ಸಿಗಲಿಲ್ಲ. ಸಾಂಕ್ರಾಮಿಕದ ಕೆಲವು ವೆಚ್ಚಗಳನ್ನು ಎಷ್ಟೇ ಸಿರಿವಂತ ಸ್ಥಳೀಯ ಸಂಸ್ಥೆಯೂ ಏಕಾಂಗಿಯಾಗಿ ಭರಿಸಲಾರದು, ಭರಿಸಲೂಬಾರದು ಎಂಬುದನ್ನು ಈ ಪ್ರಸಂಗ ತೋರಿಸಿತು.

6. ಮೇಲಿನಿಂದ ಬರುವ ನೆರವು

ಮುಂಬಯಿಯ ಉದಾಹರಣೆಯನ್ನು ಎಲ್ಲೆಡೆಗೂ ಅನ್ವಯಿಸಲಾಗದು. ರಿಸರ್ವ್ ಬ್ಯಾಂಕ್ 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಭಾರತದ ನಗರಪಾಲಿಕೆಗಳ ಆದಾಯ ಮತ್ತು ವೆಚ್ಚ ರಾಷ್ಟ್ರೀಯ ಉತ್ಪನ್ನದ ಸುಮಾರು ಶೇಕಡಾ 1ರಷ್ಟರಲ್ಲಿಯೇ ಒಂದು ದಶಕಕ್ಕೂ ಹೆಚ್ಚು ಕಾಲ ನಿಂತಿತ್ತು. ಸಂವಿಧಾನದ 74ನೆಯ ತಿದ್ದುಪಡಿಯಿಂದ ಬಂದ ಹನ್ನೆರಡನೆಯ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ ನಗರಸಂಸ್ಥೆಗಳ ವಿಷಯವಾಗಿದೆ. ಆದರೆ ಕರ್ತವ್ಯ ಹಸ್ತಾಂತರವಾದ ವೇಗದಲ್ಲಿ ಹಣ ಹಸ್ತಾಂತರವಾಗಲಿಲ್ಲ.

2020ರ ಮಾರ್ಚ್ 14ರಂದು ಕೇಂದ್ರ ಗೃಹ ಸಚಿವಾಲಯ ಕೋವಿಡನ್ನು ವಿಪತ್ತೆಂದು ಪರಿಗಣಿಸಿ ರಾಜ್ಯ ವಿಪತ್ತು ಸ್ಪಂದನಾ ನಿಧಿಯನ್ನು ಬಳಸಲು ಅವಕಾಶ ಕೊಟ್ಟಿತು. ಹೆಸರೇ ಹೇಳುವಂತೆ ಅದು ರಾಜ್ಯದ ನಿಧಿ. ಸ್ಥಳೀಯ ಸಂಸ್ಥೆಗೆ ಅದರ ಮೇಲೆ ನೇರ ಹಕ್ಕಿಲ್ಲ. 2021ರ ಮೇ ತಿಂಗಳಲ್ಲಿ ಕೇಂದ್ರ ಹಣಕಾಸು ಸಚಿವಾಲಯ 25 ರಾಜ್ಯಗಳ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ 8,923.8 ಕೋಟಿ ರೂಪಾಯಿಗಳನ್ನು ಅವಧಿಗೆ ಮುಂಚೆಯೇ ಬಿಡುಗಡೆ ಮಾಡಿತು. ಇದು ಹೊಸ ಹಣವಲ್ಲ, ಆ ವರ್ಷಕ್ಕೆ ಸಲ್ಲಬೇಕಾಗಿದ್ದ ಅನುದಾನದ ಮೊದಲ ಕಂತು. ಆದರೂ ಇಂತಿಂಥದಕ್ಕೇ ಖರ್ಚು ಮಾಡಬೇಕೆಂಬ ಕಟ್ಟಿಲ್ಲದ ಹಣವಾದುದರಿಂದ ಪಂಚಾಯತಿಗಳಿಗೆ ಅದರ ಬೆಲೆ ಹೆಚ್ಚು. ಹದಿನೈದನೆಯ ಹಣಕಾಸು ಆಯೋಗ 2021–26ರ ಅವಧಿಗೆ ಸ್ಥಳೀಯ ಸಂಸ್ಥೆಗಳಿಗೆ ಶಿಫಾರಸು ಮಾಡಿದ 4,36,361 ಕೋಟಿಯಲ್ಲಿ 70,051 ಕೋಟಿಯನ್ನು ಆರೋಗ್ಯಕ್ಕೆಂದು ಮೀಸಲಿಟ್ಟಿತು. ಪ್ರಾಥಮಿಕ ಆರೋಗ್ಯದಲ್ಲಿ ಸ್ಥಳೀಯ ಸಂಸ್ಥೆಗಳ ಪಾತ್ರವನ್ನು ಹಣದ ರೂಪದಲ್ಲಿ ಗುರುತಿಸಿದ ಮಹತ್ವದ ಹೆಜ್ಜೆ ಇದೆಂದು ಹೇಳಬಹುದು.

ಹೋಲಿಕೆಗಾಗಿ ಇಂಗ್ಲೆಂಡಿನ ಒಂದು ಕ್ರಮವನ್ನು ಗಮನಿಸಬಹುದು. ಅಲ್ಲಿನ ಕೌನ್ಸಿಲ್‌ಗಳು ವಾಹನ ನಿಲುಗಡೆ, ಕ್ರೀಡಾ ಕೇಂದ್ರ ಮೊದಲಾದವುಗಳ ಶುಲ್ಕವನ್ನು ಕಳೆದುಕೊಂಡಾಗ, 2020ರ ಜುಲೈಯಲ್ಲಿ ಸರ್ಕಾರ ಒಂದು ಸೂತ್ರವನ್ನು ಪ್ರಕಟಿಸಿತು. ಅಂದಾಜು ಮಾಡಿದ ಆದಾಯದ ಶೇಕಡಾ 5ರವರೆಗಿನ ನಷ್ಟವನ್ನು ಕೌನ್ಸಿಲ್ಲೇ ಹೊರಬೇಕು. ಅದಕ್ಕೂ ಮೀರಿದ ನಷ್ಟದಲ್ಲಿ ನಾಲ್ಕರಲ್ಲಿ ಮೂರು ಪಾಲನ್ನು ಸರ್ಕಾರ ತುಂಬಿಕೊಡುತ್ತದೆ. ಇಷ್ಟಾದರೂ, ಮೊದಲೇ ಸಾಲ ಮತ್ತು ಆಸ್ತಿ ಹೂಡಿಕೆಗಳ ಸುಳಿಯಲ್ಲಿದ್ದ ಲಂಡನ್ನಿನ ಕ್ರಾಯ್ಡನ್ ಕೌನ್ಸಿಲ್ 2020ರ ನವೆಂಬರ್‌ನಲ್ಲಿ ಹೊಸ ಖರ್ಚುಗಳನ್ನು ನಿಲ್ಲಿಸುವ ಶಾಸನಬದ್ಧ ಸೂಚನೆ ಹೊರಡಿಸಬೇಕಾಯಿತು. ಸೂತ್ರ ಎಲ್ಲರನ್ನೂ ಉಳಿಸುವುದಿಲ್ಲ. ಆದರೆ ನಷ್ಟದ ಯಾವ ಪಾಲು ಯಾರದೆಂಬುದನ್ನು ಅದು ಎಲ್ಲರೆದುರು ನಿರ್ಣಯಿಸುತ್ತದೆ. 1897ರ ಕಾಯ್ದೆ ಸರ್ಕಾರದ ಇಚ್ಛೆಗೆ ಬಿಟ್ಟಿದ್ದ ಪ್ರಶ್ನೆಗೆ ಇದು ಒಂದು ಬಗೆಯ ಉತ್ತರ.

7. ಲೆಕ್ಕ ಒಪ್ಪಿಸುವ ಹೊಣೆ

ತುರ್ತು ಕಾಲದಲ್ಲಿ ಟೆಂಡರ್ ಕರೆದು ಕಾಯುವುದು ಸಾಧ್ಯವಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 50ನೆಯ ಕಲಮು ತುರ್ತು ಖರೀದಿಗೆ ಟೆಂಡರಿನ ವಿಧಿಯನ್ನು ಕೈಬಿಡಲು ಅವಕಾಶ ಕೊಡುತ್ತದೆ. ಇದು ಅಗತ್ಯವಾದ ಸಡಿಲಿಕೆ. ಪ್ರಶ್ನೆಯಿರುವುದು ಆ ನಂತರದ ಲೆಕ್ಕದ ಬಗ್ಗೆ.

2022ರ ಮಾರ್ಚ್‌ನಲ್ಲಿ ಮುಂಬಯಿ ಪಾಲಿಕೆಯ ಚುನಾಯಿತ ಸಭೆಯ ಅವಧಿ ಮುಗಿದು ಆಡಳಿತಾಧಿಕಾರಿಯ ನೇಮಕವಾಯಿತು. ಮುಂದೆ ಹಲವು ವರ್ಷ ಚುನಾಯಿತ ಸಭೆ ಇರಲಿಲ್ಲ. ಅದೇ ವರ್ಷ ರಾಜ್ಯ ಸರ್ಕಾರದ ಕೋರಿಕೆಯಂತೆ ಭಾರತದ ನಿಯಂತ್ರಕರು ಮತ್ತು ಮಹಾಲೇಖಪಾಲರು ಪಾಲಿಕೆಯ ಸುಮಾರು 12,000 ಕೋಟಿ ರೂಪಾಯಿ ವೆಚ್ಚದ ವಿಶೇಷ ಲೆಕ್ಕಪರಿಶೋಧನೆಯನ್ನು ಕೈಗೆತ್ತಿಕೊಂಡರು. ಇದರಲ್ಲಿ ಸೇರಿದ್ದ ಸುಮಾರು 3,538 ಕೋಟಿ ರೂಪಾಯಿಗಳ ಕೋವಿಡ್ ವೆಚ್ಚದ ದಾಖಲೆಗಳನ್ನು ಪಾಲಿಕೆ ಒದಗಿಸಲಿಲ್ಲ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಮತ್ತು 2005ರ ವಿಪತ್ತು ನಿರ್ವಹಣಾ ಕಾಯ್ದೆಗಳನ್ನು ಅದು ಕಾರಣವಾಗಿ ಮುಂದಿಟ್ಟಿತು. 2023ರ ಮಾರ್ಚ್‌ನಲ್ಲಿ ವಿಧಾನಮಂಡಲದ ಮುಂದೆ ಬಂದ ವರದಿಯಲ್ಲಿ ಇದು ದಾಖಲಾಗಿದೆ. ಈ ಪರಿಶೋಧನೆಯ ಸುತ್ತ ನಡೆದ ರಾಜಕೀಯ ವಾದವಿವಾದ ನಮ್ಮ ಲೇಖನದ ವ್ಯಾಪ್ತಿಗೆ ಸೇರಿದ್ದಲ್ಲ. ಸಂಶೋಧಕರು ಗಮನಿಸಬೇಕಾದುದು ಇಷ್ಟು: ಪ್ಲೇಗಿನ ಕಾಲದಲ್ಲಿ ಪಾಲಿಕೆಯ ಮೇಲೆ ಹೇರಲಾದ ಕಾಯ್ದೆಯನ್ನೇ ಒಂದೂಕಾಲು ಶತಮಾನದ ಬಳಿಕ ಪಾಲಿಕೆ ತನ್ನ ಲೆಕ್ಕಕ್ಕೆ ಮರೆಯಾಗಿ ಬಳಸಿತು. ಖರೀದಿಯಲ್ಲಿ ವೇಗ ಬೇಕೆಂಬುದು ಬೇರೆ, ಲೆಕ್ಕಕ್ಕೆ ವಿನಾಯಿತಿ ಬೇಕೆಂಬುದು ಬೇರೆ. ಮೊದಲನೆಯದು ಜೀವ ಉಳಿಸುತ್ತದೆ. ಎರಡನೆಯದು ಮುಂದಿನ ಸಾಂಕ್ರಾಮಿಕಕ್ಕೆ ಬೇಕಾದ ತಿಳಿವಳಿಕೆಯನ್ನೇ ಅಳಿಸಿಹಾಕುತ್ತದೆ.

8. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಸಾಂಕ್ರಾಮಿಕದಲ್ಲಿ ಪಾಲಿಕೆಯನ್ನು ಕಾಪಾಡುವುದು ಆ ಹೊತ್ತಿಗೆ ಬರುವ ವಿಶೇಷ ನೆರವಿಗಿಂತ ಹೆಚ್ಚಾಗಿ ಸಾಮಾನ್ಯ ಕಾಲದಲ್ಲಿ ಸೂತ್ರಬದ್ಧವಾಗಿ ನಿಗದಿಯಾದ ಆದಾಯ. ವೆಚ್ಚದ ಹಂಚಿಕೆ ರೋಗ ಬರುವ ಮೊದಲೇ ನಿರ್ಣಯವಾಗಿರದಿದ್ದರೆ ಅದು ಬಲಹೀನರ ಮೇಲೆ ಬೀಳುತ್ತದೆ: ಸಂಸ್ಥೆಗಳಲ್ಲಿ ಪಾಲಿಕೆಯ ಮೇಲೆ, ಪಾಲಿಕೆಯೊಳಗೆ ಕೆಳದರ್ಜೆಯ ಕೆಲಸಗಾರರ ಮೇಲೆ, ನಾಗರಿಕರಲ್ಲಿ ರಸ್ತೆ, ಚರಂಡಿ, ಶಾಲೆಗಳಿಗಾಗಿ ಕಾಯುವವರ ಮೇಲೆ.

ಹೊರನಾಡಿನಲ್ಲಿ ಸಂಶೋಧನೆ ಮಾಡುವ ಕನ್ನಡಿಗರಿಗೆ ಇಲ್ಲಿ ವಿಪುಲವಾದ ಸಾಮಗ್ರಿಯಿದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳ ಪಾಲಿಕೆಗಳ ಮುಂಗಡಪತ್ರಗಳು ಮುದ್ರಿತ ಸಾರ್ವಜನಿಕ ದಾಖಲೆಗಳು. ಆಯಾ ನಗರದ ಕನ್ನಡಿಗರ ಹೋಟೆಲುಗಳ ಪರವಾನಗಿ ಶುಲ್ಕ, ಕನ್ನಡ ಶಾಲೆ ಇರುವ ಕಡೆ ಅದಕ್ಕೆ ಸಂದ ಹಣ, ಅವರು ವಾಸಿಸುವ ವಾರ್ಡಿನಲ್ಲಿ ಮುಂದೂಡಲ್ಪಟ್ಟ ಕಾಮಗಾರಿ ಇವುಗಳನ್ನು 2019–20ರಿಂದ ವರ್ಷ ವರ್ಷ ಹೋಲಿಸಿ ನೋಡಿದರೆ, ಸಾಂಕ್ರಾಮಿಕದ ಕಾಲದಲ್ಲಿ ಹೊರನಾಡ ಕನ್ನಡಿಗರ ಬದುಕು ಹೇಗೆ ಸಾಗಿತೆಂಬುದರ ಒಂದು ವಿಶ್ವಸನೀಯ ಚಿತ್ರ ದೊರೆಯಬಲ್ಲದು. ಇಂಥ ಅಧ್ಯಯನದಲ್ಲಿ ಮೂರು ಕಾಲಮುಗಳನ್ನು ಒಟ್ಟಿಗೆ ಓದಬೇಕು: ಮೊದಲ ಅಂದಾಜು, ಪರಿಷ್ಕೃತ ಅಂದಾಜು ಮತ್ತು ವಾಸ್ತವ ವೆಚ್ಚ. ಮೊದಲನೆಯದು ಆಡಳಿತದ ಆಶಯವನ್ನೂ ಎರಡನೆಯದು ಅದರ ಆತಂಕವನ್ನೂ ತಿಳಿಸುತ್ತದೆ. ನಗರ ನಿಜವಾಗಿ ಯಾರಿಗಾಗಿ ಖರ್ಚು ಮಾಡಿತೆಂಬುದನ್ನು ತಿಳಿಸುವುದು ಮೂರನೆಯದು ಮಾತ್ರ.